ಒಂದು ಎತ್ವದಷ್ಟು ಭಯ

ಮನೆಯಿಂದ,
ಮಾರ್ಚ್ ೧೨, ಬುಧವಾರ, ಮಧ್ಯಾಹ್ನ

ಪ್ರೀತಿಯ ಇವಳೇ,

ನಿನ್ನ ಪತ್ರ ನಿನ್ನೆ ಕೈಸೇರಿತು. ನೀನು, ಮಗಳು, ಅಳಿಯ, ಹಸುಗೂಸು ಎಲ್ಲರೂ ಭಗವಂತನ ಕೃಪೆಯಿಂದ ಕ್ಷೇಮವಾಗಿದ್ದೀರೆಂದು ನಂಬಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲುಗಳು ಕಡಿದಾದವು. ಮಗುವನ್ನೆತ್ತಿಕೊಂಡು ಹತ್ತಿಳಿಯುವ ಸಾಹಸ ಬೇಡ. ಮಗಳಿಗೆ ನಿದ್ದೆ ಸಾಲುತ್ತಿದೆಯೇ? ತಾಯಿಯಾದ ಮೇಲಾದರೂ ಅವಳ ಮುಂಗೋಪ ಸ್ವಲ್ಪ ತಗ್ಗಿತೋ, ಅಥವಾ ಪಾಲು ಮಾಡಿ ಮಗಳಿಗೂ ಕೊಟ್ಟಿದ್ದಾಳೋ? ನಡುವೆ ಮೊಮ್ಮಗಳಿಗೆ ಜ್ವರ ಬಂದು ಬಿಟ್ಟಿತೆಂದು ಬರೆದಿದ್ದೀಯೆ. ‘ಬಿಟ್ಟಿತು’ ಎಂಬ ಮಾತನ್ನೇ ನಿನ್ನೆಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಆ ವಿಷಯವನ್ನು ಮುಂದೆ ಬರೆಯುತ್ತೇನೆ, ಬರೆಯದೆ ಇರಲಾರೆ.

ನನ್ನ ದೇಹಕ್ಕೇನೂ ಕುಂದಿಲ್ಲ. ಅಡುಗೆಯನ್ನು ನನ್ನ ಮಟ್ಟಿಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಸಂದೇಹ ಬಂದರೆ ರುಚಿ ನೋಡಿ ತೀರಿಸಿಕೊಳ್ಳಬಹುದು. ನಾಲಿಗೆಯಿಂದ ಹೊರಬಿದ್ದು ಗಾಳಿಯಲ್ಲಿ ಕರಗಿಹೋದ ಅಕ್ಷರಕ್ಕೆ ಅಂಥ ಅನುಕೂಲವಿಲ್ಲವೆಂಬುದೇ ನನ್ನ ಸಂಕಟ. ನಿನಗೆ ತಿಳಿಯದ್ದೇನಲ್ಲ. ಆದರೂ ‘ಮನೆಯವ್ರಿಗೆ ಒಂದ್ಸಲ ಎಲ್ಲಾನೂ ಬಿಡಿಸಿ ಬರೀರಿ, ನಿಮಗೇ ಹಗುರ ಆಗತ್ತೆ’ ಎಂದು ವೈದ್ಯರು ಹೇಳಿರುವುದರಿಂದ ಮೊದಲಿನಿಂದ ಬರೆಯುತ್ತೇನೆ. ಬೇಸರಿಸದೆ ಓದು.

ನಮ್ಮ ತಂದೆಯವರು ರಚಿಸಿ ಮನೆಮಂದಿಗೆಲ್ಲ ಕಲಿಸಿದ ಬೆಳಗಿನ ಪ್ರಾರ್ಥನೆಯ ಕೊನೆಯ ಸಾಲು ‘ಒಡೆಯನೇ, ಈ ಮನೆಗಭಯವನೀಯೊ’ ಎಂದಿದೆಯಷ್ಟೆ. ‘ಮನೆಗೆ’ ಮತ್ತು ‘ಅಭಯ’ ಎಂಬ ಪದಗಳು ಕೂಡುವಲ್ಲಿ ಹಿಂದಿನ ಸ್ವರ ಲೋಪವಾಗಿ ‘ಮನೆಗಭಯ’ವಾಯಿತು. ಆ ಗಕಾರಕ್ಕೆ ಎಕಾರದ ಗುರುತಾದ ಒಂದು ಎತ್ವ ಅಂಟಿಕೊಂಡರೆ ಸಾಕು, ಅದು ‘ಮನೆಗೆ ಭಯ’ವಾಗುತ್ತದೆ, ರಕ್ಷಣೆಯನ್ನು ಬೇಡಲು ಹೋದವನು ತನ್ನ ಹೆಂಡತಿ ಮಕ್ಕಳ ತಲೆಯ ಮೇಲೆ ಭಯವನ್ನು ಬೇಡಿ ತಂದಂತಾಗುತ್ತದೆ. ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ಇಂಥ ಎತ್ವಗಳನ್ನು ಹಿಡಿದೇ ನಾನು ಅನ್ನ ತಿಂದವನು. ಅಲ್ಲಿನವರು ನನಗಿಟ್ಟಿದ್ದ ಹೆಸರು ‘ಕೊಂಬಿನ ದೀರ್ಘ’. ನಿನ್ನನ್ನು ಕಂಡಾಗಲೆಲ್ಲ ‘ಬಂದ್ರಪ್ಪಾ, ಒತ್ತಕ್ಷರ’ ಎಂದು ನಗುತ್ತಿದ್ದರು. ಕಾಗದದ ಮೇಲೆ ಬಿದ್ದ ಎತ್ವವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಬಹುದು. ದೇವರ ಕಿವಿಗೆ ಮುಟ್ಟಿದ ಎತ್ವವನ್ನು ಯಾವ ಶಾಯಿಯಿಂದ ಹೊಡೆಯಲಿ? ಆದುದರಿಂದ ಸಂದೇಹ ಬಂದೊಡನೆ ಪ್ರಾರ್ಥನೆಯನ್ನು ಮೊದಲಿನಿಂದ ಹೇಳುತ್ತಿದ್ದೆ. ಹೇಳಿದಷ್ಟೂ ಸಂದೇಹ ಬಲಿಯುತ್ತಿತ್ತು. ಮುಂಜಾವದಲ್ಲಿ ಕೂತವನು ಬಿಸಿಲು ಗೋಡೆಯಿಂದ ಇಳಿದು ನೆಲವನ್ನು ದಾಟಿದರೂ ಏಳುತ್ತಿರಲಿಲ್ಲ. ನೀನು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತು, ‘ಸರಿಯಾಗೇ ಹೇಳಿದ್ರಿ ರೀ, ನಾನು ಕೇಳಿಸ್ಕೊಂಡೆ’ ಎನ್ನಬೇಕಾಗಿತ್ತು. ಅಷ್ಟಾದರೆ ನಾನು ಬಿಡುಗಡೆ ಹೊಂದಿ ಎದ್ದು ಅಡುಗೆಮನೆಯವರೆಗೆ ಬರುವಷ್ಟರಲ್ಲಿ, ನೀನು ನಿಜವಾಗಿ ಕೇಳಿಸಿಕೊಂಡೆಯೋ ಅಥವಾ ನನ್ನನ್ನು ಎಬ್ಬಿಸಲೆಂದು ಹಾಗೆಂದೆಯೋ ಎಂಬ ಹೊಸ ಸಂದೇಹ ಹೊಸ್ತಿಲಲ್ಲಿ ಕಾದಿರುತ್ತಿತ್ತು. ಮಗಳ ಮನೆಗೆ ಹೊರಟ ದಿನ ನೀನು ಚೀಲವನ್ನು ಹೆಗಲಿಗೇರಿಸುತ್ತ, ‘ನಾನು ವಾಪಸ್ ಬಂದ್ರೆ ಹೆಂಡತಿಯಾಗಿ ಬರ್ತೀನಿ, ಸಾಕ್ಷಿಯಾಗಿ ಬರಲ್ಲ’ ಎಂದೆ. ಆ ವಾಕ್ಯದಲ್ಲಿ ತಿದ್ದಬೇಕಾದದ್ದು ಒಂದಕ್ಷರವೂ ಇರಲಿಲ್ಲ.

ನೀನು ಹೋದ ಮೇಲೆ ಸಾಕ್ಷಿಯಿಲ್ಲದ ನಾನು ಫೋನಿನಲ್ಲಿ ನನ್ನ ಪ್ರಾರ್ಥನೆಯನ್ನು ನಾನೇ ಧ್ವನಿಮುದ್ರಿಸಿಕೊಳ್ಳುವ ಉಪಾಯವನ್ನು ಹೂಡಿದೆ. ಯಂತ್ರ ಸುಳ್ಳು ಹೇಳಲಾರದೆಂಬುದು ನನ್ನ ತರ್ಕ. ಆದರೆ ಒಮ್ಮೆ ‘ಗ’ ಎಂದು ಕೇಳಿದ್ದು ಮತ್ತೊಮ್ಮೆ ‘ಗೆ’ ಎಂದು ಕೇಳತೊಡಗಿತು. ಇಡೀ ದಿನ ಫೋನನ್ನು ಕಿವಿಗೊತ್ತಿಕೊಂಡು, ಮಂಚದ ಅಂಚಿನಲ್ಲಿ ಕೂತೇ ಇರುವಂತಾಯಿತು. ಕೊನೆಗೆ ಪಕ್ಕದ ಮನೆಯ ದರ್ಜಿ ಒಳಬಂದು ಅದನ್ನು ಕಿತ್ತುಕೊಂಡ. ‘ಯಜಮಾನ್ರೇ, ನಿಮ್ ಪ್ರಾರ್ಥನೆ ನಮ್ಮನೆ ಗಿಣಿಗೂ ಬಾಯಿಪಾಠ ಆಗೋಯ್ತು! ಆದ್ರೆ ನೋಡಿ, ಅದು ಒಂದೇ ಸಲ ಹೇಳಿ ಕಾಳು ತಿನ್ನೋಕೆ ಹೋಗತ್ತೆ’ ಎಂದು ಮೂದಲಿಸಿದ. ನಗಬೇಡ. ಆ ಗಳಿಗೆಯಲ್ಲಿ ನನಗೆ ತೋಚಿದ್ದು, ಗಿಣಿ ಹೇಳುವುದು ‘ಗ’ ಎಂದೋ ‘ಗೆ’ ಎಂದೋ ಕೇಳಿ ನೋಡಬೇಕೆಂಬುದು. ಆ ಫೋನು ಇನ್ನೂ ಅವನ ವಶದಲ್ಲಿದೆ. ಅದಕ್ಕೇ ಈ ಪತ್ರ. ನಿನ್ನ ದನಿ ಕೇಳಿದರೆ ನನ್ನ ನಾಲಿಗೆ ತಾನಾಗಿ ಪ್ರಶ್ನಿಸಿಬಿಡುತ್ತದೆ. ಕಾಗದದಲ್ಲಾದರೆ ಕೈಯನ್ನು ತಡೆಯಲು ಅಷ್ಟಿಷ್ಟು ಅವಕಾಶವುಂಟು.

ದರ್ಜಿಯೇ ನನ್ನನ್ನು ಆಸ್ಪತ್ರೆಗೆ ಕರೆದೊಯ್ದ. ಇದು ಗೀಳಿನ ಕಾಯಿಲೆಯೆಂದು ವೈದ್ಯರು ಹೇಳಿದರು. ಮಾತ್ರೆಗಳು ನಿದ್ದೆಯನ್ನು ತಂದವು, ನೆಮ್ಮದಿಯನ್ನು ತರಲಿಲ್ಲ. ಆಮೇಲೆ ಅವರು, ತಲೆಯ ಹೊರಗಿನಿಂದಲೇ ಅಯಸ್ಕಾಂತದ ತುಡಿತಗಳನ್ನು ಮಿದುಳಿಗೆ ಕಳಿಸುವ ಚಿಕಿತ್ಸೆಯೊಂದಿದೆ, ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಕೆಲವರಿಗೆ ಗುಣ ಕೊಡುತ್ತದೆ, ಎಲ್ಲರಿಗೂ ಅಲ್ಲ ಎಂದರು. ‘ತಪ್ಪಾಯ್ತು ತಪ್ಪಾಯ್ತು ಅಂತ ಗಂಟೆ ಬಾರಿಸೋ ಜಾಗ ಒಂದಿದೆ. ನಿಮ್ದು ಬಾರಿಸೋದು ನಿಲ್ಲಿಸ್ತಿಲ್ಲ’ ಎಂದು ತಮ್ಮ ಹಣೆಯನ್ನು ಮುಟ್ಟಿ ತೋರಿಸಿದರು. ಹಾಗಾದರೆ ಗೀಳಿನ ಜೊತೆಗೆ ಭಕ್ತಿಯೂ ಅಳಿಸಿಹೋದರೆ ಏನು ಗತಿಯೆಂದು ಕೇಳಿದೆ. ‘ಭಕ್ತಿ ಇರೋ ಜಾಗ ನಮಗಿನ್ನೂ ಸಿಕ್ಕಿಲ್ಲ ಯಜಮಾನ್ರೇ. ಸಿಕ್ಕಿದ್ರೂ ಮುಟ್ಟಲ್ಲ’ ಎಂದರು. ಈ ಉತ್ತರದಿಂದ ಸಮಾಧಾನವಾಯಿತೆಂದು ಹೇಳಲಾರೆ. ನಗು ಬಂದದ್ದಂತೂ ನಿಜ.

ಆ ಕೋಣೆಗೆ ಕಿಟಕಿಯಿಲ್ಲ. ಕ್ಷೌರದಂಗಡಿಯ ಕುರ್ಚಿಯಂಥದೊಂದು ಕುರ್ಚಿ; ಅದರ ಮೇಲೆ ಲೋಹದ ತೋಳಿನಿಂದ ತೂಗುವ ಭಾರವಾದ ಶಿರಸ್ತ್ರಾಣ. ಕಿವಿಗಳಿಗೆ ಬಿರಡೆ ತುರುಕಿ ಶಿರಸ್ತ್ರಾಣವನ್ನು ಬಿಗಿದ ಮೇಲೆ ಕತ್ತನ್ನು ಅತ್ತಿತ್ತ ಹೊರಳಿಸುವಂತಿಲ್ಲ. ಎದುರಿಗೆ ಖಾಲಿ ಗೋಡೆ, ಗೋಡೆಯ ಮೇಲೆ ಯಾರೋ ಓರೆಯಾಗಿ ಕೂರಿಸಿದ ವಿದ್ಯುತ್ತಿನ ಗುಂಡಿ. ಅದನ್ನು ನೆಟ್ಟಗೆ ಮಾಡಲು ನನ್ನ ಕೈ ತವಕಿಸುತ್ತದೆ, ಎಟುಕುವುದಿಲ್ಲ. ಯಂತ್ರವನ್ನು ನಡೆಸುವ ಹುಡುಗಿ ಅದರ ಬಲವನ್ನು ಏರಿಸುತ್ತ ಹೋದಂತೆ ಮೊದಲ ದಿನ ನನ್ನ ಪಾದ ನನ್ನ ಅಪ್ಪಣೆಯಿಲ್ಲದೆ ಒದ್ದಿತು. ಬಲವೆಷ್ಟಿರಬೇಕೆಂಬುದನ್ನು ಹಾಗೆ ಗೊತ್ತುಮಾಡುತ್ತಾರಂತೆ. ಬಳಿಕ ಮರಕುಟಿಗ ಹಕ್ಕಿ ನೆತ್ತಿಯ ಮೇಲೆ ಕೂತು ಕುಟುಕಿದಂತೆ ಟಕಟಕ ಸದ್ದು. ನೆತ್ತಿಯ ಚರ್ಮ ಎಳೆಯುತ್ತದೆ, ದವಡೆ ಅದುರುತ್ತದೆ. ಸ್ವಲ್ಪ ವಿರಾಮ, ಮತ್ತೆ ಕುಟುಕು.

ಇವೆಲ್ಲ ಸಹ್ಯವೇ. ಅಸಹ್ಯವಾದದ್ದು ಅದಕ್ಕೆ ಮುಂಚಿನ ವಿಧಿ. ‘ಸುಮ್ನೆ ಕೂತವ್ರಿಗೆ ಯಂತ್ರ ಇಟ್ರೆ ಪ್ರಯೋಜನ ಕಡಿಮೆ. ಗೀಳು ಎದ್ದು ಕುಣೀತಿರ್ಬೇಕು, ಆಗ ಇಡ್ಬೇಕು’ ಎಂದು ವೈದ್ಯರು ನನ್ನ ಸಾಲನ್ನು ತಪ್ಪಾಗಿ ಓದುವಂತೆ ಆ ಹುಡುಗಿಗೆ ಹೇಳಿದರು. ಅವಳು ಹೌಹಾರಿದಳು. ‘ಅಯ್ಯೋ, ನಾನ್ಯಾಕೆ ಸರ್ ಬೇರೆಯವ್ರ ಮನೆಗೆ ಕೆಟ್ಟದ್ದು ಬೇಡ್ಲಿ? ನಂಗೂ ದೇವ್ರಿದಾನೆ!’ ಅವಳ ಮೇಲೆ ನನಗೆ ಅಂದೇ ಮಗಳಂಥ ಮಮತೆ ಹುಟ್ಟಿತು. ಕಡೆಗೆ ಕಣ್ಣು ಮುಚ್ಚಿಕೊಂಡು ‘ಮನೆಗೆ ಬಯವನೀಯೊ’ ಎಂದು ಒದರಿಬಿಟ್ಟಳು. ಮಹಾಪ್ರಾಣವೆಂಬುದು ಅವಳ ನಾಲಿಗೆಗೆ ಗೊತ್ತೇ ಇಲ್ಲ! ‘ಬಯ’ ಎಂಬ ಮಾತಿಗೆ ಭಯವೆಂಬ ಅರ್ಥವೆಲ್ಲಿಯದು? ಕರಡೇ ತಪ್ಪಾಗಿರುವುದರಿಂದ ಅರ್ಜಿ ಅಸಿಂಧುವೆಂದು ನಾನು ಒಳಗೊಳಗೇ ಹಿಗ್ಗಿದೆ. ಹೀಗೆ ಕೆಲವು ದಿನ ಸುಖವಾಗಿ ಕಳೆದವು. ಆದರೆ ವೈದ್ಯರು ಚಾಣಾಕ್ಷರು. ‘ಏನ್ ಯಜಮಾನ್ರೇ, ಮುಖ ಅರಳಿದೆ! ಎಲ್ಲೋ ಒಂದು ಸಂದಿ ಹುಡ್ಕೊಂಡಿದೀರಿ ನೀವು’ ಎಂದರು. ಸಂಧಿಯ ಪಂಡಿತನಿಗೆ ಸಂದಿ ಸಿಕ್ಕಿದ್ದು ಹೀಗೆ ಬಯಲಾಯಿತು. ಇನ್ನು ಮೇಲೆ ಆ ಸಾಲನ್ನು ನಾನೇ, ನನ್ನ ಬಾಯಿಂದಲೇ ಹೇಳಬೇಕೆಂದು ನಿಶ್ಚಯವಾಯಿತು.

ಹೋದ ವಾರದ ಸೋಮವಾರ ಹೇಳಿದೆ. ಮಹಾಪ್ರಾಣವನ್ನು ತುಂಬಿ, ಎತ್ವವನ್ನು ಕೂರಿಸಿ, ಭಯವನ್ನು ನನ್ನ ಮನೆಗೆ ಸ್ಪಷ್ಟವಾದ ಉಚ್ಚಾರಣೆಯಲ್ಲಿ ಬೇಡಿದೆ. ಹೇಳಿದೊಡನೆ ಬಿರಡೆ, ಶಿರಸ್ತ್ರಾಣ, ಕುಟುಕು. ಸರಿಯಾದ ಸಾಲನ್ನು ಮನಸ್ಸಿನಲ್ಲೂ ಹೇಳಿಕೊಳ್ಳಕೂಡದೆಂಬುದು ಕಟ್ಟಪ್ಪಣೆ. ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೆ ಬರುವಂತಿಲ್ಲ. ಆಡಿದ ಮಾತು ನನ್ನೊಂದಿಗೇ ಆ ಶಿರಸ್ತ್ರಾಣದೊಳಗೆ ಸೆರೆಯಾಗಿ ಕೂತಿತು. ಕಣ್ಣೀರನ್ನು ಒರೆಸಿಕೊಳ್ಳಲು ಕೈಯೆತ್ತಿದರೆ ಹುಡುಗಿ ತಾನೇ ಒರೆಸಿ, ‘ಆಗೋಯ್ತು ಸರ್, ಆಗೋಯ್ತು’ ಎಂದಳು. ಅದು ಬಿರಡೆಯ ಒಳಗಿನಿಂದ ಕೇಳಿಸಲಿಲ್ಲ. ತುಟಿಯ ಚಲನೆಯಿಂದ ಓದಿಕೊಂಡೆ. ಅಂದಿನಿಂದ ರಜೆಯ ದಿನಗಳ ಹೊರತು ದಿನವೂ ಹೀಗೆಯೇ. ಗುಣವಿಲ್ಲವೆಂದರೆ ಸುಳ್ಳಾದೀತು. ಈಗೀಗ ಕೆಲವು ಬೆಳಗು ಪ್ರಾರ್ಥನೆಯನ್ನು ಒಮ್ಮೆಯೇ ಹೇಳಿ, ನಡುಗುತ್ತಲೇ ಎದ್ದು, ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಅಡುಗೆಮನೆಯನ್ನು ಸೇರಿದ್ದೇನೆ. ಈ ಮಾತನ್ನು ದರ್ಜಿ ನಮ್ಮ ಮಗಳಿಗೆ ಫೋನಿನಲ್ಲಿ ಹೇಳಿರಬೇಕು. ಅವಳು ನಿನಗೆ ‘ಅಪ್ಪ ಸರಿಹೋದ್ರಂತೆ’ ಎಂದಿರಬೇಕು.

ಅಷ್ಟರಲ್ಲಿ ನಿನ್ನ ಪತ್ರ ಬಂತು. ಮಗುವಿಗೆ ಜ್ವರ ಬಂದದ್ದನ್ನು ಬರೆದಿದ್ದೀಯೆ, ಯಾವ ದಿನವೆಂದು ಬರೆದಿಲ್ಲ. ಸೋಮವಾರಕ್ಕಿಂತ ಮೊದಲೋ, ಆಮೇಲೋ? ಆ ಒಂದು ಪದಕ್ಕಾಗಿ ನಿನ್ನ ಪತ್ರವನ್ನು ಬೆಳಕಿಗೆ ಹಿಡಿದು, ಅಂಚೆಮುದ್ರೆಯನ್ನು ಉಜ್ಜಿ, ನಿನ್ನ ಅಕ್ಷರಗಳ ಓರೆಕೋರೆಗಳಲ್ಲಿ ಗಾಬರಿಯ ಗುರುತನ್ನು ಹುಡುಕಿ ನಿನ್ನೆಯ ಹಗಲನ್ನೆಲ್ಲ ಕಳೆದೆ. ಎತ್ವವು ಮನೆ ಬದಲಾಯಿಸಿದೆ, ಊರು ಬಿಟ್ಟಿಲ್ಲ. ಇಂದು ಬೆಳಿಗ್ಗೆ ವೈದ್ಯರಿಗೆ ಪತ್ರವನ್ನು ತೋರಿಸಿದೆ. ‘ಕೇಳ್ಬೇಡಿ. ಉತ್ತರ ಸಿಕ್ಕಿದ್ರೆ ಒಂದು ದಿನ ಚೆನ್ನಾಗಿರ್ತೀರಿ, ಆಮೇಲೆ ಇನ್ನೊಂದು ಪ್ರಶ್ನೆ ಸಾಕ್ತೀರಿ’ ಎಂದರು. ನನ್ನ ಭಗವಂತನು ಒಂದು ಎತ್ವವನ್ನು ಹಿಡಿದು ಹಾಲುಗಲ್ಲದ ಕೂಸಿನ ಮೇಲೆ ಜ್ವರವನ್ನು ಕಳಿಸುವ ಕರಡುತಿದ್ದುಗನಲ್ಲವೆಂದು ಬುದ್ಧಿಗೆ ಗೊತ್ತಿದೆ. ಹಾಗೆ ಭಾವಿಸುವುದೇ ಅವನಿಗೆ ಮಾಡುವ ಅಪಚಾರವೆಂದೂ ಗೊತ್ತಿದೆ. ಗೊತ್ತಿರುವವನು ಒಬ್ಬ, ನಡುಗುವವನು ಇನ್ನೊಬ್ಬ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದಂತಿದೆ.

ನಿನ್ನ ಪತ್ರದ ಕೊನೆಯಲ್ಲಿ ‘ನಾನು ಬರಲೇ?’ ಎಂದು ಕೇಳಿದ್ದೀಯೆ. ಮಗಳು ಈಗ ತಾನಾಗಿ ಓಡಾಡುತ್ತಿದ್ದಾಳೆಂದೂ ಬರೆದಿದ್ದೀಯೆ. ನೀನಿಲ್ಲದ ಈ ಮನೆಯಲ್ಲಿ ನಿನ್ನ ಕನ್ನಡಕದ ಡಬ್ಬಿಯಿಂದ ಹಿಡಿದು ಬಾಗಿಲ ಹಿಂದೆ ತೂಗುವ ಸೀರೆಯ ಸೆರಗಿನ ವಾಸನೆಯವರೆಗೆ ಎಲ್ಲವೂ ನಿನ್ನನ್ನೇ ಹೇಳುತ್ತವೆ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದಗಳು. ಮೊಮ್ಮಗಳ ನೆತ್ತಿಯನ್ನು ನನ್ನ ಪರವಾಗಿ ಒಮ್ಮೆ ಮೂಸು. ಸರ್ವರಿಗೂ ಆಯುರಾರೋಗ್ಯವನ್ನು ಅವನು ಕರುಣಿಸಲಿ. ಇದನ್ನು ಒಂದೇ ಬಾರಿ ಬರೆಯುತ್ತಿದ್ದೇನೆ.

ಇಂತು ನಿನ್ನ,
ಇವರು

ತಾ.ಕ. ದರ್ಜಿ ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ‘ಇನ್ನೂ ಎಷ್ಟೊತ್ತು ಯಜಮಾನ್ರೇ’ ಎನ್ನುತ್ತಿದ್ದಾನೆ. ನಿನ್ನ ಪ್ರಶ್ನೆಗೆ ಉತ್ತರ ಬರೆಯದೆಯೇ ಸಹಿ ಹಾಕಿಬಿಟ್ಟೆ. ನಾನು ಸರಿಹೋಗಿಲ್ಲ. ಆದರೂ ಬಾ. ನೀನು ಚಪ್ಪಲಿ ಬಿಡುವ ಮೊದಲೇ ಜ್ವರ ಯಾವತ್ತು ಬಂತೆಂದು ಕೇಳುತ್ತೇನೆ. ಗದರುತ್ತೇನೆ, ಅಳುತ್ತೇನೆ, ಕಾಲು ಹಿಡಿದರೂ ಹಿಡಿದೇನು. ಹೇಳಬೇಡ. ಸುಳ್ಳನ್ನೂ ಹೇಳಬೇಡ. ಸೋಮವಾರಕ್ಕಿಂತ ಮೊದಲೇ ಬಂದಿದ್ದರಂತೂ, ನನ್ನ ಸಮಾಧಾನಕ್ಕೆಂದು ಖಂಡಿತ ಹೇಳಬೇಡ.