ಬಿಳೀ ತಟ್ಟೆಯ ಧೂಳು

ಅತ್ತೆಯವರಿಗೆ ನಮಸ್ಕಾರ.

ಮೊನ್ನೆ ನೆಂಟರೆದುರು ನಾನು ಮಾಡಿದ್ದು ನೆನೆದರೆ ತಲೆ ಎತ್ತಲಾಗುತ್ತಿಲ್ಲ. ನಿಮ್ಮ ಕಾರ್ಪೆಟ್ ಮೇಲೆ ನಿಮ್ಮ ಹಳೇ ವ್ಯಾಕ್ಯೂಮ್ ಕ್ಲೀನರ್ ಓಡಿಸಿ, ಅದರ ಹಿಂದೆಯೇ ನಾನು ಮಾರುವ, ನಿಂತು ತಳ್ಳುವ ಹೊಸ ಮಷಿನ್ ಓಡಿಸಿ, ಹೊಸದರಲ್ಲಿ ಬಂದ ಧೂಳನ್ನು ಬಿಳೀ ತಟ್ಟೆಗೆ ಸುರಿದೆ. "ಅಯ್ಯೋ, ಇಷ್ಟು ದಿನ ಇದರ ಮೇಲೇ ಕೂತಿದ್ವಾ!" ಅಂದರು ನಿಮ್ಮ ನಾದಿನಿ. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ನೀವು ತಟ್ಟೆ ಎತ್ತಿಕೊಂಡು ಒಳಗೆ ಹೋದಿರಿ.

ಅದು ಕೆಲಸಕ್ಕೆ ಸೇರಿದ ದಿನವೇ ನಮಗೆ ಕಲಿಸುವ ಕೈಚಳಕ. ಯಾವ ಮಷಿನ್ನೂ ಕಾರ್ಪೆಟ್ಟಿನ ಬುಡದ ಧೂಳನ್ನು ಒಂದೇ ಸಲಕ್ಕೆ ಎತ್ತುವುದಿಲ್ಲ. ಹಾಗಾಗಿ ಆಮೇಲೆ ಓಡಿಸಿದ್ದೇ ಗೆದ್ದಂತೆ ಕಾಣುತ್ತದೆ. ಗೊತ್ತಿದ್ದೂ ಮಾಡಿದೆ.

ನಿಮ್ಮ ಹಳೇ ಮಷಿನ್ನನ್ನು ಬಾಗಿಲಾಚೆ ಇಟ್ಟಿದ್ದೀರಂತೆ, ನಿಮ್ಮ ಮಗಳು ಮುಖ ತಿರುಗಿಸಿಕೊಂಡೇ ಹೇಳಿದಳು. ದಯವಿಟ್ಟು ಗುಜರಿಯವನಿಗೆ ಕೊಡಬೇಡಿ. ಭಾನುವಾರ ಅದೇ ನೆಂಟರನ್ನು ನಮ್ಮ ಮನೆಗೆ ಕರೆದಿದ್ದೇನೆ. ನೀವೂ ಅದನ್ನು ತೆಗೆದುಕೊಂಡು ಬನ್ನಿ. ನಮ್ಮ ಕಾರ್ಪೆಟ್ ದಿನಾ ಕ್ಲೀನ್ ಮಾಡುವವನು ನಾನೇ ಅಂತ ಎಲ್ಲರಿಗೂ ಗೊತ್ತು. ಮೊದಲು ನನ್ನ ಮಷಿನ್ ಓಡಿಸುತ್ತೇನೆ. ಆಮೇಲೆ ನಿಮ್ಮದನ್ನು ನೀವೇ ಓಡಿಸಿ.

ತಟ್ಟೆ ಹಿಡಿದು ನಾನು ನಿಂತಿರುತ್ತೇನೆ.

ನಿಮ್ಮ ಅಳಿಯ