ಹಳೆಯ ಕೀಗೆ ಹೊಸ ಬೀಗ

ಶನಿವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಅರ್ಧಾಂಗಿಗೆ, ಅಂದರೆ ಈ ಮನೆಯಿಂದ ಸದ್ಯಕ್ಕೆ ಗೈರಾಗಿರುವ ಅರ್ಧಕ್ಕೆ, ಉಳಿದರ್ಧ ಮಾಡುವ ನಮಸ್ಕಾರಗಳು.

ಸಮಸ್ತ ಬಂಧುಬಾಂಧವರಿಗೂ, ಅಕ್ಕಪಕ್ಕದ ಮನೆಯವರಿಗೂ, ವಿಶೇಷವಾಗಿ ನಿನಗೂ ಹೆಮ್ಮೆಯಿಂದ ತಿಳಿಯಪಡಿಸುವುದೇನೆಂದರೆ, ನಮ್ಮ ಅಡುಗೆಮನೆ ಕಪಾಟಿನ ಬಾಗಿಲು ಇನ್ನು ಮುಂದೆ ಕಿರುಗುಟ್ಟುವುದಿಲ್ಲ. ಮದುವೆಯಾದ ವರ್ಷದಿಂದ ನೀನು ಸಲ್ಲಿಸುತ್ತ ಬಂದ ಅಹವಾಲನ್ನು ಸಂಬಂಧಪಟ್ಟ ಇಲಾಖೆ ಸುದೀರ್ಘವಾಗಿ ಪರಿಶೀಲಿಸಿ, ಕಳೆದ ವಾರ ಎರಡು ಹನಿ ಎಣ್ಣೆ ಮಂಜೂರು ಮಾಡಿತು. ಊರಿನ ಬಾಗಿಲುಗಳನ್ನೆಲ್ಲ ರಿಪೇರಿ ಮಾಡುವ ಬೀಗದವನ ಮನೆಯಲ್ಲಿ ಒಂದು ಬಾಗಿಲೂ ನೆಟ್ಟಗಿಲ್ಲ, ದೀಪದ ಬುಡ ಕತ್ತಲು ಅಂತ ಬಂದವರ ಮುಂದೆಲ್ಲ ಹೇಳುತ್ತಿದ್ದೆಯಲ್ಲ, ಈಗ ಬುಡದಲ್ಲೂ ಬೆಳಕಾಗಿದೆ. ನೋಡುವವರು ಇಲ್ಲ, ಅಷ್ಟೆ.

ನಾನು ಕ್ಷೇಮ. ಅಡುಗೆ ನನ್ನದೇ. ಅದನ್ನು ತಿಂದೂ ಬದುಕಿರುವುದರಿಂದ ಪವಾಡಗಳಲ್ಲಿ ನನ್ನ ನಂಬಿಕೆ ಸ್ವಲ್ಪ ಗಟ್ಟಿಯಾಗಿದೆ. ನಿನ್ನ ಹೊಲಿಗೆ ಮಿಷನ್ನಿನ ಮೇಲೆ ದಿನಾ ಬಟ್ಟೆ ಮುಚ್ಚುತ್ತಿದ್ದೇನೆ. ನಿನ್ನ ಅಕ್ಕನಿಗೆ ನನ್ನ ನೆನಪು ತಿಳಿಸು. ನನ್ನ ಬಗ್ಗೆ ಅವರು ಏನು ಹೇಳುತ್ತಾರೋ ಅದನ್ನು ನನಗೆ ತಿಳಿಸಬೇಡ.

ವಿಷಯಕ್ಕೆ ಬರಲು ನನಗೆ ಯಾವತ್ತೂ ಒಂದೆರಡು ಪ್ಯಾರಾ ಬೇಕು. ಈಗ ಬಂದೆ.

ಕೆಳಗಿನ ಮನೆಯಲ್ಲಿ ಕಳ್ಳತನವಾಯಿತು. ಹೋದದ್ದು ಒಂದು ಇಸ್ತ್ರಿಪೆಟ್ಟಿಗೆ ಮತ್ತು ಒಂದು ಜೊತೆ ಚಪ್ಪಲಿ, ಆದರೆ ಕಟ್ಟಡದ ಮಾಲೀಕರು ಖಜಾನೆಯೇ ಲೂಟಿಯಾದವರಂತೆ ಬಂದು ನನ್ನೆದುರು ಕೂತರು. ಎಲ್ಲ ಮನೆಗೂ ಹೊಸ ಬೀಗ ಹಾಕಬೇಕಂತೆ. ಹಳೇ ಕೀಗಳು ಅಷ್ಟೂ ಅವರ ಕೈಸೇರಬೇಕಂತೆ. “ಒಂದೇ ಒಂದು ಹಳೇ ಕೀ ಹೊರಗೆ ಓಡಾಡ್ತಿದ್ರೂ ನನಗೆ ನಿದ್ದೆ ಬರಲ್ಲ” ಅಂದರು. ಕಟ್ಟಡದ ಬೀಗವನ್ನೆಲ್ಲ ಬದಲಾಯಿಸಿದ್ದೇನೆ. ಉಳಿದದ್ದು ನಮ್ಮದೊಂದು. ಮುಂದಿನ ಶನಿವಾರ ಅವರೇ ಬಂದು ನೋಡುತ್ತಾರೆ.

ಒಂದು ಹಳೇ ಕೀ ಹೊರಗೆ ಓಡಾಡುತ್ತಿದೆ ಎಂದು ನಾನು ಅವರಿಗೆ ಹೇಳಲಿಲ್ಲ. ಪಾಪ, ವಯಸ್ಸಾದವರು, ನಿದ್ದೆ ಮಾಡಲಿ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನಾನು ತಮಾಷೆಗೆ ಇಳಿಯುತ್ತೇನೆ, ನೀನು ಎದ್ದು ಹೋಗುತ್ತೀಯ. ಕಾಗದವಾದರೆ ಎದ್ದು ಹೋದರೂ ಮೇಜಿನ ಮೇಲೆ ಕಾದಿರುತ್ತದೆ. ನಮ್ಮ ಮಗ ದೊರೆ ಹಡಗಿನ ಕೆಲಸಕ್ಕೆ ಹೋಗಿ, ಆ ಹಡಗು ಮುಳುಗಿ ಎರಡು ವರ್ಷವಾಯಿತು. ಬದುಕಿ ಬಂದವರಲ್ಲಿ ಅವನಿಲ್ಲ, ದಡಕ್ಕೆ ಬಂದ ಹೆಣಗಳಲ್ಲೂ ಇಲ್ಲ. ಬಂದರಿನ ವಸತಿಯಲ್ಲಿ ಅವನು ಬಿಟ್ಟಿದ್ದ ಚೀಲವನ್ನು ಕಂಪನಿಯವರು ಕಳಿಸಿದರು. ನೀನು ಒಂದೊಂದನ್ನೇ ತೆಗೆದು ಹಾಸಿಗೆಯ ಮೇಲೆ ಇಟ್ಟೆ. ಅಂಗಿಗಳು, ಬಾಚಣಿಗೆ, ನೀನು ಹೊಲಿದ ದಿಂಬಿನ ಚೀಲ. ಮನೆಯ ಕೀ ಮಾತ್ರ ಇರಲಿಲ್ಲ. ಯಾರಾದರೂ ಸಮುದ್ರಕ್ಕೆ ಹೋಗುವಾಗ ಮನೆ ಕೀ ಜೇಬಲ್ಲಿ ಹಾಕಿಕೊಂಡು ಹೋಗುತ್ತಾರೆಯೇ ಎಂದು ನೀನು ಕೇಳಿದೆ. ಬೀಗದವನ ಮಗ ಹೋಗುತ್ತಾನೆ ಎಂದೆ ನಾನು.

ಬೀಗದವನ ಮಗನೆಂಬ ಹೆಸರಿಗೆ ಅವನು ತಂದ ಕೀರ್ತಿ ಎಂಥದು. ಹುಟ್ಟಿದಾಗಿನಿಂದ ಕೀಗಳ ನಡುವೆ ಬೆಳೆದವನು ಒಂದು ದಿನವೂ ಕೀಯನ್ನು ಸರಿಯಾಗಿ ಹಾಕಲಿಲ್ಲ. ಮೊದಲು ತಲೆಕೆಳಗು. ಅದು ಅರ್ಧಕ್ಕೆ ಸಿಕ್ಕಿಕೊಳ್ಳಬೇಕು. ಆಮೇಲೆ ಒಂದು ನಿಟ್ಟುಸಿರು, ಬೀಗದ್ದೇ ತಪ್ಪು ಎಂಬಂತೆ. ಆಮೇಲೆ ತಿರುಗಿಸಿ ನೆಟ್ಟಗೆ. ಒಳಗಿನಿಂದ ನಾನು, “ದೊರೆಗಳು ಬಂದರು, ಬೀಗಕ್ಕೆ ಕ್ಷಮೆ ಕೇಳಿ” ಅಂತ ಕೂಗಬೇಕು.

ಹಡಗು ಮುಳುಗಿದ ಮೇಲೆ ಬೀಗದ ಸದ್ದನ್ನು ಮೊದಲು ಕೇಳಿದವಳು ನೀನು. ಹೊತ್ತು ಮುಳುಗುವಾಗ, ಮೆಟ್ಟಿಲ ಬಲ್ಬು ಹಾಕುವ ಹೊತ್ತಿಗೆ, ಹೊರಗಿನಿಂದ ನಮ್ಮ ಬೀಗಕ್ಕೆ ಕೀ ತಾಗುವ ಸದ್ದು. ನೀನು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, “ಅವನೇ ಕಣ್ರೀ” ಅಂದೆ. ನಾನು ಇಲಿ ಅಂದೆ. ಎರಡನೇ ಸಲವೂ ಇಲಿ ಅಂದೆ. ಮೂರನೇ ಸಲ ನಾನೂ ಓಡಿದೆ. ಬಾಗಿಲು ತೆಗೆದರೆ ಖಾಲಿ ಮೆಟ್ಟಿಲು, ಬಲ್ಬಿನ ಸುತ್ತ ಹುಳ. ಆಮೇಲೆ ಅದು ನಮ್ಮ ಮನೆಯ ನಿಯಮವೇ ಆಯಿತು. ಸಂಜೆಯಾದರೆ ಇಬ್ಬರೂ ಮಾತು ನಿಲ್ಲಿಸುವುದು. ನೀನು ಹೊಲಿಗೆಯ ನೆಪದಲ್ಲಿ, ನಾನು ಕೀಗಳಿಗೆ ಅರ ಉಜ್ಜುವ ನೆಪದಲ್ಲಿ, ಬಾಗಿಲ ಕಡೆಗೇ ಕಿವಿ.

ನಮ್ಮ ಸಭೆಯ ಪದ್ಧತಿ ನಿನಗೆ ಗೊತ್ತಲ್ಲ. ಭಾನುವಾರದ ಆರಾಧನೆಯಲ್ಲಿ ಪಾದ್ರಿಗಳು ಮೊದಲು ಪ್ರಯಾಣದಲ್ಲಿರುವವರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ, ಆಮೇಲೆ ಕರ್ತನಲ್ಲಿ ನಿದ್ರೆಹೋದವರ, ಅಂದರೆ ತೀರಿಕೊಂಡವರ, ಹೆಸರು ಹೇಳಿ ಸ್ತೋತ್ರ ಸಲ್ಲಿಸುತ್ತಾರೆ. ದೊರೆಯ ಹೆಸರು ಮೊದಲನೆಯದರಲ್ಲೇ ಉಳಿದಿತ್ತು. ಪಾದ್ರಿಗಳು ಮನೆಗೆ ಬಂದು, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಅದು ಕರಗಿ ಬೀಳುವವರೆಗೂ ಹಿಡಿದುಕೊಂಡಿದ್ದು, ಇನ್ನು ಎರಡನೆಯದಕ್ಕೆ ಸೇರಿಸೋಣವೇ ಎಂದು ಕೇಳಿದರಲ್ಲ, ಅವತ್ತು ನೀನು, “ಸೇರಿಸಿಬಿಡಿ” ಅಂದೆ. ನಾನು ಬೇಡ ಅಂದೆ.

ನನಗೆ ದಿಗಿಲಾಯಿತು. ಇಷ್ಟು ವರ್ಷ ಪ್ರಾರ್ಥನೆ ನಿನ್ನ ಖಾತೆ, ಆಮೆನ್‌ಗೆ ಮೊದಲೇ ತೂಕಡಿಸುವುದು ನನ್ನ ಖಾತೆ. ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಬೇಡಿ ಬೇಡಿ ನನ್ನ ಬಾಯಿ ಒಣಗಿಹೋಗಿದೆ. ಅವನು ಸತ್ತ ಅಂತ ಒಪ್ಪಿಕೊಂಡ್ರೆ ಈ ಸದ್ದಾದ್ರೂ ನಿಲ್ಲುತ್ತೆ. ನಿಮಗೆ ನಂಬಿಕೆ ಇದ್ದರೆ ನೀವೇ ನಂಬಿ, ನನ್ನಿಂದಾಗಲ್ಲ.” ಮರುದಿನ ನೀನು ಅಕ್ಕನ ಮನೆಗೆ ಹೋದೆ. ಹೋಗುವಾಗ ಬಾಗಿಲು ಎಳೆದುಕೊಂಡದ್ದು ಎಷ್ಟು ಮೆತ್ತಗೆ ಅಂದರೆ, ಚಿಲಕ ಬಿದ್ದದ್ದು ಬೀಗದವನಿಗೇ ಕೇಳಲಿಲ್ಲ.

ಹೀಗೆ ನಂಬಿಕೆಯ ಖಾತೆ ಅನುಭವವಿಲ್ಲದ ಮಂತ್ರಿಯ ಕೈಗೆ ಬಂತು.

ಈಗ ನೀನು ಕುಳಿತುಕೊಂಡು ಓದಬೇಕಾದ ಭಾಗ. ನೀನು ಹೋದ ಮೇಲೆ ಒಂದು ಸಂಜೆ ಮತ್ತೆ ಸದ್ದಾಯಿತು. ನಾನು ಚಪ್ಪಲಿಯಿಲ್ಲದೆ, ಉಸಿರು ಹಿಡಿದು, ಬಾಗಿಲ ಹಿಂದೆಯೇ ನಿಂತಿದ್ದೆ. ಕೀ ತಾಗಿದ ತಕ್ಷಣ ಬಾಗಿಲು ತೆಗೆದುಬಿಟ್ಟೆ. ಎದುರಿಗೆ ಮೇಲಿನ ಮಹಡಿಯ ಮೇಡಂ. ಅದೇ, ಶಾಲೆಯಿಂದ ನಿವೃತ್ತರಾದವರು, ಈಚೆಗೆ ಮರೆವು ಹೆಚ್ಚಾಗಿ ಟೀಚಮ್ಮನ ಗತ್ತು ಮಾತ್ರ ಉಳಿದವರು. ಒಂದು ಮಹಡಿ ಮೊದಲೇ ಹತ್ತುವುದನ್ನು ನಿಲ್ಲಿಸಿ, ತಮ್ಮ ಮನೆಯ ಕೀಯನ್ನು ನಮ್ಮ ಬೀಗಕ್ಕೆ ಹಾಕುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರಪ್ಪ ನೀನು, ನನ್ನ ಮನೇಲಿ ಬನಿಯನ್ ಹಾಕ್ಕೊಂಡು ಏನ್ ಮಾಡ್ತಿದ್ದೀಯ” ಎಂದು ಗದರಿದರು.

ನಾನು ನಕ್ಕೆ. ಆಣೆಯಿಟ್ಟು ಹೇಳುತ್ತೇನೆ, ಮೊದಲು ನಕ್ಕೆ. ಒಳಗೆ ಕರೆದು ಕೂರಿಸಿ, ನೀರು ಕುಡಿಯಲು ಕೊಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಕಪಾಟನ್ನು ಹಿಡಿದುಕೊಂಡು ನಿಂತೆ. ಇಷ್ಟು ದಿನ ನಾನು ದೇವರನ್ನಲ್ಲ, ಮೇಡಂ ಅವರ ಕೀಯನ್ನು ನಂಬಿಕೊಂಡಿದ್ದೆ. ನನ್ನ ನಿರೀಕ್ಷೆಯೆಲ್ಲ ಒಬ್ಬ ಮುದುಕಿ ಮಹಡಿ ತಪ್ಪಿದ್ದರ ಮೇಲೆ ನಿಂತಿತ್ತು. ಆ ಕಪಾಟು ಆಗ ಕಿರುಗುಟ್ಟಿತು ನೋಡು, ಅದಕ್ಕೇ ಮರುದಿನ ಎಣ್ಣೆ ಹಾಕಿದ್ದು. ಇನ್ನೊಂದು ಸದ್ದು ಸಹಿಸುವ ಶಕ್ತಿ ನನಗಿರಲಿಲ್ಲ.

ಹೊರಗೆ ಬಂದಾಗ ಅವರು ಗೋಡೆಯ ಮೇಲಿನ ಫೋಟೊ ನೋಡುತ್ತಿದ್ದರು. ಹುಡುಗ ಎಲ್ಲಿ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆ ಮಾತನ್ನು ನಾನು ಬೇರೆ ಯಾರ ಹತ್ತಿರವೂ ಅಷ್ಟು ನೇರವಾಗಿ ಹೇಳಿರಲಿಲ್ಲ. ಅವರು, “ಹಾಗಾದ್ರೆ ಗೈರುಹಾಜರು ಅನ್ನು. ನಾಳೆನೂ ಹೆಸರು ಕೂಗಬೇಕಾಗುತ್ತೆ” ಅಂದರು. ಆಮೇಲೆ ಲೋಟ ಕೆಳಗಿಟ್ಟು, ತರಗತಿ ಮುಗಿಯಿತು ಎಂಬಂತೆ ಎದ್ದರು. ಮೇಲಿನವರೆಗೂ ಬಿಟ್ಟುಬಂದೆ.

ಇದನ್ನು ದೈವವಾಣಿ ಅಂತ ನಾನು ಹೇಳುವುದಿಲ್ಲ. ಮರುಕ್ಷಣವೇ ಅವರು ನನ್ನನ್ನು ಹಾಲಿನವನೆಂದು ತಿಳಿದು ಹಾಲಿಗೆ ನೀರು ಬೆರೆಸಿದ್ದಕ್ಕೆ ಬೈದರು.

ಅವತ್ತು ಪ್ರಾರ್ಥನೆಗೆ ಕೂತೆ. ನೀನು ಆರಂಭಿಸುವುದು, ದೊರೆ ಊಟಕ್ಕೆ ಅವಸರಪಡುತ್ತ ಮಧ್ಯದ ಮಾತು ನುಂಗುವುದು, ಕೊನೆಯಲ್ಲಿ ನನ್ನನ್ನು ಎಬ್ಬಿಸುವುದು, ಇದು ತಾನೆ ನಮ್ಮ ಕ್ರಮ. ಒಬ್ಬನೇ ಮೂವರ ಪಾಲನ್ನು ಮಾಡಬೇಕಾಯಿತು. ಎಬ್ಬಿಸುವ ಅಗತ್ಯ ಬೀಳಲಿಲ್ಲ. ಕರ್ತನೇ, ಇದ್ದ ಒಂದು ಸದ್ದೂ ಹೋಯಿತು, ಇನ್ನು ಹಿಡಿದುಕೊಳ್ಳಲು ನೀನೊಬ್ಬನೇ, ಜಾರಬೇಡ, ಇಷ್ಟೇ ಅಂದೆ. ಮನಸ್ಸು ಹಗುರವಾಯಿತು ಎಂದು ಬರೆದರೆ ಅಕ್ಕನವರು ಮೆಚ್ಚಿಯಾರು. ಆಗಲಿಲ್ಲ. ಕೋಣೆ ಹಾಗೇ ಇತ್ತು, ಅವನ ಕುರ್ಚಿಯೂ ಹಾಗೇ ಇತ್ತು. ಆದರೂ ಮರುದಿನ ಮತ್ತೆ ಕೂತೆ. ಹೆಸರು ಕೂಗಿದೆ. ಅದರ ಮರುದಿನವೂ.

ಪಾದ್ರಿಗಳಿಗೂ ಹೇಳಿದೆ. ದೊರೆ ಪ್ರಯಾಣದಲ್ಲೇ ಇರಲಿ ಎಂದೆ. ಅವರು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು, ಅವನು ಕರ್ತನ ಮನೆಯನ್ನೇ ಸೇರಿದ್ದರೆ ಎಂದು ಮೆಲ್ಲಗೆ ಕೇಳಿದರು. ಅಲ್ಲಿ ಬಾಗಿಲಿಗೆ ಬೀಗವೇ ಇಲ್ಲವಂತೆ. ನನ್ನ ಉದ್ಯೋಗದ ಮಟ್ಟಿಗೆ ಇದು ಒಳ್ಳೆಯ ಸುದ್ದಿಯಲ್ಲ, ಆದರೆ ದೊರೆಯಂಥವನಿಗೆ ಅನುಕೂಲ. ನಾನು ಹೇಳಿದ್ದಿಷ್ಟು. ಅಲ್ಲಿಗೆ ಹೋಗಿದ್ದರೆ ಅವನಿಗೆ ಕೀ ಬೇಡ, ನನ್ನ ಸಹಾಯವೂ ಬೇಡ. ಇಲ್ಲಿಗೆ ಬರುವುದಾದರೆ ಎರಡೂ ಬೇಕು. ಆ ಬಾಗಿಲನ್ನು ನೋಡಿಕೊಳ್ಳುವವನು ಬೇರೆ ಇದ್ದಾನೆ. ಈ ಬಾಗಿಲು ನನ್ನದು.

ಆದ್ದರಿಂದ ಮಾಲೀಕರ ಅಪ್ಪಣೆಯನ್ನು ಅಕ್ಷರಶಃ ಪಾಲಿಸುತ್ತಿದ್ದೇನೆ. ನಮ್ಮ ಬಾಗಿಲಿಗೂ ಹೊಚ್ಚಹೊಸ ಬೀಗ. ಆದರೆ ಅದರ ಹೊಟ್ಟೆ ಬಿಚ್ಚಿ, ಒಳಗಿನ ಹಿತ್ತಾಳೆ ಕಡ್ಡಿಗಳನ್ನು ಒಂದೊಂದಾಗಿ ಉಜ್ಜಿ, ಹಳೆಯ ಕೀಯ ಹಲ್ಲುಗಳಿಗೆ ಹೊಂದಿಸುತ್ತಿದ್ದೇನೆ. ಬೀಗಕ್ಕೆ ಕೀ ಮಾಡುವುದು ಎಲ್ಲರೂ ಮಾಡುವ ಕೆಲಸ. ಎಲ್ಲಿದೆಯೋ ಗೊತ್ತಿಲ್ಲದ ಕೀಗೆ ಬೀಗ ಮಾಡುವವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಬೋರ್ಡಿನಲ್ಲಿ ಬರೆಸೋಣವೇ?

ಒಂದೇ ತೊಡಕು. ಹಳೆಯ ಬೀಗ ಸಡಿಲವಾಗಿತ್ತು, ನಮ್ಮ ಕೀ ಎಷ್ಟು ಸವೆದಿದ್ದರೂ ಧಾರಾಳವಾಗಿ ಒಪ್ಪುತ್ತಿತ್ತು. ಹೊಸದು ಬಿಗಿ, ಕೂದಲೆಳೆಯಷ್ಟು ತಪ್ಪಿದರೂ ತಿರುಗುವುದಿಲ್ಲ. ನನ್ನ ಕೀ ಸವೆದು ಬೋಳಾಗಿದೆ, ಅದನ್ನು ನಂಬುವಂತಿಲ್ಲ. ದೊರೆ ಹೊರಡುವ ಮುಂಚೆ ಅವನ ಕೀಯನ್ನು ನಾನು ಕೊರೆದದ್ದು ನಿನ್ನ ಕೀಯನ್ನು ನೋಡಿ. ಅವೆರಡೂ ಅವಳಿ. ನಿನ್ನದು ಈಗ ನಿನ್ನ ಕೈಚೀಲದಲ್ಲಿದೆ.

ನೀನು ನಂಬಬೇಕೆಂದು ಕೇಳುತ್ತಿಲ್ಲ. ಒಣಗಿದ ಬಾಯಿ ಸ್ವಲ್ಪ ದಿನ ಸುಮ್ಮನಿರಲಿ. ನಿನ್ನ ಪಾಲಿನದನ್ನೂ ನಾನು ಹೇಳುತ್ತಿದ್ದೇನೆ, ತಪ್ಪುತಪ್ಪಾಗಿ. ಕೇಳುವವನಿಗೆ ಇಷ್ಟರಲ್ಲಿ ಅಭ್ಯಾಸವಾಗಿರಬೇಕು.

ಇಂತಿ,
ಎಣ್ಣೆ ಮಂಜೂರು ಮಾಡಿದ ಅಧಿಕಾರಿ,
ನಿನ್ನ ಯಜಮಾನ ಎನ್ನಿಸಿಕೊಂಡವನು

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಮೇಡಂ ಅವರನ್ನು ಸೋಮವಾರ ಅವರ ತಮ್ಮನ ಮಗಳು ತನ್ನೂರಿಗೆ ಕರೆದುಕೊಂಡು ಹೋದಳು. ಮೇಲಿನ ಮನೆ ಖಾಲಿ. ಗುರುವಾರ ಹೊತ್ತು ಮುಳುಗುವಾಗ ಬೀಗದಲ್ಲಿ ಸದ್ದಾಯಿತು. ಮೇಡಂ ಕೀಯನ್ನು ನೆಟ್ಟಗೇ ಹಾಕುತ್ತಿದ್ದರು, ಎದುರಿಗೇ ನೋಡಿದ್ದೇನೆ. ಇದು ಅರ್ಧಕ್ಕೆ ಸಿಕ್ಕಿಕೊಂಡಿತು. ಆಮೇಲೆ ಆ ನಿಟ್ಟುಸಿರು. ಬಾಗಿಲು ತೆಗೆದೆ, ಬಲ್ಬು ಉರಿಯುತ್ತಿತ್ತು, ಯಾರೂ ಇರಲಿಲ್ಲ. ನಾನು ಏನೂ ಹೇಳುತ್ತಿಲ್ಲ. ಇಲಿ ಅಂತಲೂ ಹೇಳುತ್ತಿಲ್ಲ. ಊಟ ಮುಗಿಯುವವರೆಗೆ ಬಾಗಿಲನ್ನು ತೆರೆದೇ ಇಟ್ಟಿದ್ದೆ.

ನಿನ್ನ ಕೀ ಶುಕ್ರವಾರದೊಳಗೆ ನನ್ನ ಕೈಯಲ್ಲಿರಬೇಕು. ಬರೀ ಲಕೋಟೆಯಲ್ಲಿ ಹಾಕಬೇಡ, ಹರಿದು ಬೀಳುತ್ತದೆ. ದಪ್ಪ ಬಟ್ಟೆಯಲ್ಲಿಟ್ಟು ನಾಲ್ಕೂ ಕಡೆ ಹೊಲಿದು ಕಳಿಸು. ಹೊಲಿಯಲು ಬೇಸರವಾದರೆ, ನೀನೇ ಹಿಡಿದು ತಾ.