ಎರಡು ಊರಿನ ಗೋಲಿ

ರೀ,

ಹಾಲು ಒಲೆ ಮೇಲಿದೆ, ಬಿಸಿ ಮಾಡಿಕೊಂಡು ಕುಡೀರಿ. ಒದ್ದೆ ಟವೆಲ್ ಮತ್ತೆ ಮಂಚದ ಮೇಲಿತ್ತು. ಊರಿಗೆಲ್ಲ ಈಜು ಕಲಿಸೋ ಮೇಷ್ಟ್ರಿಗೆ ಟವೆಲ್ ಒಣಗಿಸೋದನ್ನ ಯಾರು ಕಲಿಸಬೇಕೋ.

ಕಿಟಕಿ ಹತ್ತಿರದ ಡಬ್ಬಿಗಳಿಗೆ ಇನ್ನು ಗೋಲಿ ಹಾಕಬೇಡಿ. ನನಗೆ ಕೆಲಸ ಸಿಕ್ಕಿರೋ ಯುರೋಪಿನ ಎರಡು ಊರಲ್ಲಿ ಯಾವುದು ಅಂತ ಜಗಳ ಬೇಡ, ಅವತ್ತು ಮನಸ್ಸಿಗೆ ಬಂದ ಊರಿನ ಡಬ್ಬಿಗೆ ಇಬ್ಬರೂ ದಿನಕ್ಕೊಂದು ಗೋಲಿ ಹಾಕೋಣ, ಮೊದಲು ತುಂಬಿದ ಡಬ್ಬಿಯ ಊರಿಗೇ ಹೋಗೋಣ ಅಂದವಳು ನಾನೇ. ನನಗೆ ಬ್ಯಾಂಕುಗಳ ಊರು ಇಷ್ಟ, ನಿಮಗೆ ಸಮುದ್ರ ಇರೋ, ನಾನು ಸಂಜೆ ಬೇಗ ಮನೆಗೆ ಬರೋ ಊರು.

ಮೊನ್ನೆ ನನ್ನಿಷ್ಟದ ಊರಿನ ಬ್ಯಾಂಕಿನವರು ಫೋನ್ ಮಾಡಿದರು. ದೊಡ್ಡ ಹುದ್ದೆ ಅಂದ ಕೂಡಲೇ ಹಿಂದೆಮುಂದೆ ನೋಡದೆ ಬರ್ತೀನಿ ಅಂದುಬಿಟ್ಟೆ. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ. ಆಮೇಲೂ ಏನೂ ಆಗೇ ಇಲ್ಲ ಅನ್ನೋ ಹಾಗೆ ನಿಮ್ಮ ಪಕ್ಕ ನಿಂತು ಗೋಲಿ ಹಾಕಿದೆ.

ಇವತ್ತು ಬೆಳಿಗ್ಗೆ ನೋಡಿದರೆ ಸಮುದ್ರದ ಡಬ್ಬಿ ಖಾಲಿ. ನಿಮ್ಮ ನೀಲಿ ಗೋಲಿಗಳನ್ನೆಲ್ಲ ನನ್ನ ಡಬ್ಬಿಗೆ ಸುರಿದು ಮುಚ್ಚಳ ಹಾಕಿದ್ದೀರಿ. ಆ ಫೋನ್ ಮಾತು ನಿಮ್ಮ ಕಿವಿಗೆ ಬಿದ್ದಿತ್ತೋ ಏನೋ.

ಒಂದೊಂದನ್ನೇ ಆರಿಸಿ ವಾಪಸ್ ಹಾಕಿದ್ದೀನಿ. ಸಂಜೆ ನಾನು ಬಂದಾಗ ಚೆನ್ನಾಗಿ ಬೈಯಿರಿ. ಪರವಾಗಿಲ್ಲ ಬಿಡು ಅಂತ ಮಾತ್ರ ಅನ್ನಬೇಡಿ.